ಸತ್ಯಾಂಶ: ಲೈಕಿಯಾದ ‘ಮಿಂತಿ’ ಗ್ರೀಕ್ ಪದವೇ?

ಇಂದಿನ ಟರ್ಕಿಯ ನೈರುತ್ಯ ಕರಾವಳಿಯಲ್ಲಿದ್ದ ಲೈಕಿಯಾದ ಬಂಡೆಗೋರಿಗಳ ಚಿತ್ರದೊಂದಿಗೆ, ಅವುಗಳ ಮೇಲಿನ ಬರಹವು ಗ್ರೀಕಿನ ಉಪಭಾಷೆಯೆಂದೂ ಅದರಲ್ಲಿರುವ ‘ಮಿಂತಿ’ಯಂಥ ಕಾನೂನಿನ ಪದಗಳೆಲ್ಲ ಗ್ರೀಕರಿಂದ ಬಂದವೆಂದೂ ಹೇಳುವ ಸಂದೇಶವೊಂದು ಹರಿದಾಡುತ್ತಿದೆ. ಇದು ತಪ್ಪು.

ಲೈಕಿಯನ್ನರು ಗ್ರೀಕರಿಂದ ಪಡೆದದ್ದು ಮುಖ್ಯವಾಗಿ ಲಿಪಿಯನ್ನು. ಅದಕ್ಕೂ ತಮ್ಮ ಅನುನಾಸಿಕ ಸ್ವರಗಳಿಗಾಗಿ ಹೊಸ ಅಕ್ಷರಗಳನ್ನು ಸೇರಿಸಿಕೊಂಡರು. ಅವರ ಭಾಷೆ ಇಂದಿನ ಟರ್ಕಿಯ ಪ್ರದೇಶದಲ್ಲಿದ್ದ ಹಿಟೈಟ್ ಮತ್ತು ಲುವಿಯನ್ ಎಂಬ ಪ್ರಾಚೀನ ಭಾಷೆಗಳೊಡನೆ, ಗ್ರೀಕಿನಿಂದ ಬೇರೆಯಾದ ಅನಟೋಲಿಯನ್ ಶಾಖೆಗೆ ಸೇರಿದ್ದು. ಗೋರಿಗಳ ಮೇಲೆ ಪದೇ ಪದೇ ಕಾಣುವ ‘ಲದಿ ಎಹ್ಬಿ ಸೆ ತಿದೇಯ್ಮೆ’, ಅಂದರೆ ‘ತನ್ನ ಹೆಂಡತಿಗೂ ಮಕ್ಕಳಿಗೂ’ ಎಂಬ ಸಾಲನ್ನೇ ನೋಡಿ: ‘ಮತ್ತು’ ಎನ್ನಲು ಗ್ರೀಕಿನಲ್ಲಿ ‘ಕೈ’ ಎಂದಿದ್ದರೆ ಇಲ್ಲಿ ‘ಸೆ’ ಎಂದಿದೆ.

‘ಮಿಂತಿ’ಯ ವಿಷಯದಲ್ಲಂತೂ ಸಂದೇಶ ದಿಕ್ಕನ್ನೇ ತಿರುಗಿಸಿದೆ. ಗೋರಿಯಲ್ಲಿ ಯಾರನ್ನು ಹೂಳಬಹುದೆಂಬ ನಿಯಮಗಳ ಜೊತೆಯಲ್ಲಿ ಬರುವ ಈ ಪದವನ್ನು, ‘ಅದ’ ಎಂಬ ಮಾನದಲ್ಲಿ ಹಣ ಸ್ವೀಕರಿಸಿ ಗೋರಿಯ ಮೇಲ್ವಿಚಾರಣೆ ನಡೆಸುತ್ತಿದ್ದ ಮಂಡಳಿಯೆಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಲೈಕಿಯಾದ ಗ್ರೀಕ್ ಶಾಸನಗಳಲ್ಲಿ ಅದೇ ಪದ ‘ಮಿಂಡಿಸ್’ ಎಂಬ ರೂಪದಲ್ಲಿದೆ. ಸ್ಥಳೀಯ ಸಂಸ್ಥೆಯ ಹೆಸರನ್ನು ಗ್ರೀಕ್ ಬರಹವೇ ಎರವಲು ಪಡೆದಿತ್ತು.