ಹೇಳೋರಿಲ್ಲ, ಕೇಳೋರಿಲ್ಲ

ಮೊನ್ನೆ ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋಗಿದ್ದೆ. ಅಂಗಳದ ತುಂಬ ಅಡಿಕೆ ಹರವಿದ್ದರು. ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ. ನಮ್ಮ ಕಾಲದಲ್ಲಿ ಮಳೆ ಬರುತ್ತದೆ, ದನ ನುಗ್ಗುತ್ತದೆ ಅಂತ ಕಾವಲು ಕೂರುತ್ತಿದ್ದೆವು. (ಕಳ್ಳತನವೇ ಇರಲಿಲ್ಲ ಅಂತಲ್ಲ. ಪಕ್ಕದ ಮನೆಯ ಹಲಸಿನ ಹಣ್ಣು ಎಷ್ಟು ಇಳಿಸಿದ್ದೇವೋ!) ಕ್ಯಾಮೆರಾ ಯಾಕೆ ಅಂತ ಕೇಳಿದೆ. "ಕಾನೂನು ಎಲ್ಲಿದೆ ಮಾರಾಯಾ, ಹೇಳೋರಿಲ್ಲ ಕೇಳೋರಿಲ್ಲ" ಅಂದರು.

ನಿಜಕ್ಕೂ ಕಾನೂನನ್ನೇ ಬೇಡ ಅಂದ ಊರು ನಮ್ಮ ಜಿಲ್ಲೆಯಲ್ಲೇ ಇದೆ, ಶಿಕಾರಿಪುರದ ಈಸೂರು. 1942ರಲ್ಲಿ ಆ ಜನ ಕಂದಾಯ ಕೊಡುವುದಿಲ್ಲ ಅಂದರು, ಲೆಕ್ಕದ ಪುಸ್ತಕ ಕಿತ್ತುಕೊಂಡರು, ಸ್ವತಂತ್ರರಾದೆವು ಅಂತ ಸಾರಿದರು. ಆಮೇಲೆ ಮೊದಲು ಮಾಡಿದ ಕೆಲಸ ನೋಡಿ. ಊರಿನ ಇಬ್ಬರು ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಇನ್ಸ್‌ಪೆಕ್ಟರ್ ಅಂತ ನೇಮಿಸಿದರು. ಊರಿಗೆ ಬರುವವರು ಗಾಂಧಿ ಟೋಪಿ ಹಾಕಲೇಬೇಕು ಅಂತ ನಿಯಮ ಮಾಡಿದರು. ಸರ್ಕಾರದ ಕಾನೂನು ಹೋದ ಜಾಗಕ್ಕೆ ಅವರದ್ದೇ ಒಂದು ಬಂತು. ಮುಂದೆ ನಡೆದ ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಆ ಸಾವುಗಳನ್ನು ಬದಿಗಿಟ್ಟು ಸುಮ್ನೆ ಹೊಗಳಲು ನನ್ನಿಂದ ಆಗುವುದಿಲ್ಲ. ಆದರೆ ಅದನ್ನು ಹೇಳೋರು ಕೇಳೋರು ಇಲ್ಲದ ಊರು ಅನ್ನಲೂ ಆಗುವುದಿಲ್ಲ, ಅಲ್ವಾ?

ಈಗಿನದು ಬೇರೆ ಕಾಯಿಲೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಆತ್ಮಹತ್ಯೆ ಬಗ್ಗೆ ಬರೆಯುವಾಗ ಇದಕ್ಕೆ ಅನೊಮಿ ಅಂದ, ಅಂದರೆ ಸಮಾಜದ ಕಟ್ಟುಪಾಡು ಜನರ ಮೇಲೆ ಹಿಡಿತ ಕಳೆದುಕೊಳ್ಳುವುದು. ದಿವಾಳಿಯಾದಾಗ ಮಾತ್ರವಲ್ಲ, ದಿಢೀರ್ ದುಡ್ಡು ಬಂದಾಗಲೂ ಜನಕ್ಕೆ "ಇಷ್ಟು ಸಾಕು" ಅನ್ನುವ ಅಳತೆ ತಪ್ಪುತ್ತದೆ ಅನ್ನುವುದು ಅವನ ಮಾತು. ಅಡಿಕೆ ಕ್ವಿಂಟಾಲಿಗೆ 50,000 ದಾಟಿದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪಿನಬೆಟ್ಟ ಇದ್ದದ್ದು ತೋಟಕ್ಕೆ ಸೊಪ್ಪು ತರಲು. ಈಗ ಜೆಸಿಬಿ ಬಂದು ಬೆಟ್ಟವೇ ತೋಟವಾಗುತ್ತಿದೆ. ಒಬ್ಬ ಬೇಲಿ ಸರಿಸಿದ. ಪಕ್ಕದವನು ಒಂದು ವರ್ಷ ಬೈದ, ಮರುವರ್ಷ ತಾನೂ ಸರಿಸಿದ. ಕಾಗದದಲ್ಲಿ ಕಾನೂನು ಹಾಗೇ ಇದೆ, ಒಂದು ಅಕ್ಷರವೂ ಅಳಿಸಿಲ್ಲ.

ಹೇಳೋರು ಇದ್ದಾರೆ ಸ್ವಾಮಿ. ಠಾಣೆ ಇದೆ, ಪಂಚಾಯ್ತಿ ಇದೆ, ಅರಣ್ಯ ಇಲಾಖೆ ಬೋರ್ಡು ಇದೆ. ಇಲ್ಲವಾಗಿದ್ದು ಕೇಳೋರು. "ಏ ತಮ್ಮಾ, ಇದೇನು ಮಾಡ್ತಿದ್ದೀಯ?" ಅಂತ ಜಗಲಿಯಿಂದಲೇ ಕೇಳುತ್ತಿದ್ದ ಅಜ್ಜಂದಿರು. ಅವರು ಜಾತಿ ನೋಡಿ ಕೇಳುತ್ತಿದ್ದರು, ಹೆಣ್ಣುಮಕ್ಕಳನ್ನು ಜಾಸ್ತಿ ಕೇಳುತ್ತಿದ್ದರು. ಅದೂ ನಿಜ. ಆ ಕೇಳುವಿಕೆ ಹೋಗಿದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ಎಲ್ಲವೂ ಹೋಯಿತು.

ಹೋದ ವಾರ ರಾತ್ರಿ ಬೈಕಿನಲ್ಲಿ ಬರುತ್ತಿದ್ದೆ. ನಮ್ಮ ಹಳ್ಳದ ಸೇತುವೆ ಮೇಲೆ ಒಂದು ಪಿಕಪ್ ನಿಂತಿತ್ತು. ಕೋಳಿ ತ್ಯಾಜ್ಯದ ಚೀಲಗಳನ್ನು ಒಂದೊಂದಾಗಿ ನೀರಿಗೆ ಎಸೆಯುತ್ತಿದ್ದ. ಗುರುತಿನವನೇ. ನಾನು ಬೈಕ್ ನಿಧಾನ ಮಾಡಿದೆ. ಅವನು ಕೈ ಎತ್ತಿ "ನಮಸ್ಕಾರ, ಲೇಟಾಯ್ತಾ?" ಅಂದ.

"ಹೌದು ಮಾರಾಯಾ, ಲೇಟಾಯ್ತು" ಅಂದು ಮನೆಗೆ ಬಂದೆ.