ಹತ್ತನೇ ಸಿಡಿ ಎರಡು, ಹನ್ನೊಂದನೆಯದು ಇಲ್ಲ

ಅಮೆರಿಕದ ಹಾಡುಗಾರ ಎಲ್ವಿಸ್ ಪ್ರೀಸ್ಲಿಯ ಹನ್ನೊಂದು ಸಿಡಿಯ ಬಾಕ್ಸ್ ಅದು. ನಿನ್ನೆ ಸಂಜೆ ಬಂತು. ಅಡುಗೆಮನೆಯಿಂದ ಚಾಕು ತಂದು, ಟೇಪ್ ಸೀಳಿ, ಮೇಲಿನ ಪ್ಲಾಸ್ಟಿಕ್ ಬಿಚ್ಚಿ ಒಂದೊಂದೇ ಎಣಿಸಿದೆ. ಎಂಟು, ಒಂಬತ್ತು, ಹತ್ತು, ಹತ್ತು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಕವರ್ ಮೇಲೆ 11 ಅಂತ ಇದೆ. ಒಳಗಿರುವ ಸಿಡಿಯ ಮೇಲೆ 10 ಅಂತ ಇದೆ. ಮೇಲಿನ ಅಚ್ಚು ಮಾತ್ರ ತಪ್ಪಿರಬಹುದು ಅನ್ನುವ ಆಸೆಯಿಂದ ಪ್ಲೇಯರಿಗೆ ಹಾಕಿದೆ. ಇಲ್ಲ. ಅದೂ ಹತ್ತೇ.

ನನಗೆ ಬೇಕಾಗಿದ್ದದ್ದು ಆ ಹನ್ನೊಂದನೆಯದೇ ಕಣ್ರೀ. ಉಳಿದ ಹತ್ತೂ ದಿಬ್ಬಣ. ದಿಬ್ಬಣ ಬಂದಿದೆ, ಮದುಮಗ ಬಂದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನದು ಹೇಳುತ್ತೇನೆ. ಎಲ್ವಿಸ್ ಪ್ರೀಸ್ಲಿ 1961ರ ಮಾರ್ಚ್‌ನಲ್ಲಿ ಹವಾಯಿಯಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ ಕೊಟ್ಟ. ಆಮೇಲೆ 1968ರ ಟಿವಿ ಶೋ ಒಂದನ್ನು ಬಿಟ್ಟರೆ ಎಂಟು ವರ್ಷ ಜನರ ಮುಂದೆ ನಿಂತು ಹಾಡಲೇ ಇಲ್ಲ. ಬರೀ ಸಿನಿಮಾ. ಆ ಸಿನಿಮಾಗಳ ಸುದ್ದಿ ಈಗ ಬೇಡ, ಮೊದಲೇ ತಲೆ ಕೆಟ್ಟಿದೆ. 1969ರ ಜುಲೈ 31ಕ್ಕೆ ಲಾಸ್ ವೇಗಸ್‌ನ ಇಂಟರ್‌ನ್ಯಾಷನಲ್ ಹೋಟೆಲಿನಲ್ಲಿ ಮತ್ತೆ ಸ್ಟೇಜ್ ಹತ್ತಿದ. ನಾಲ್ಕು ವಾರ, 57 ಶೋ. ಊಟದ ಹೊತ್ತಿಗೊಂದು, ನಡುರಾತ್ರಿಗೊಂದು. ಆಗಸ್ಟ್ 21ರಿಂದ 26ರವರೆಗೆ ಹನ್ನೊಂದು ಶೋಗಳನ್ನು ರೆಕಾರ್ಡ್ ಕಂಪನಿಯವರು ಟೇಪ್ ಮಾಡಿಕೊಂಡರು. ಅದರಲ್ಲಿ ಕೊನೆಯದು 26ರ ನಡುರಾತ್ರಿಯದು.

ಆ ನಗು ಇರುವುದು ಅದರಲ್ಲೇ.

'ಆರ್ ಯು ಲೋನ್ಸಮ್ ಟುನೈಟ್' ಅಂತ ಅವನದೊಂದು ಹಾಡಿದೆ, 1960ರದ್ದು. ಒಂಟಿತನದ ಹಾಡು, ನಡುವೆ ಗದ್ಗದ ದನಿಯ ಮಾತು ಬೇರೆ. ಆ ರಾತ್ರಿ ಅದರ ಒಂದು ಸಾಲನ್ನು ಬೋಳುತಲೆಯ ತಮಾಷೆಯಾಗಿ ತಿರುಗಿಸಿ ಹಾಡಿದ. ಹಾಡಿದವನಿಗೇ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಮುಂದಿನ ಸಾಲು ಎತ್ತಿಕೊಳ್ಳುತ್ತಾನೆ, ಅರ್ಧಕ್ಕೇ ನಗು ನುಗ್ಗುತ್ತದೆ. ಹಿಂದೆ ಹಾಡುತ್ತಿದ್ದ ಹೆಣ್ಣುದನಿ ಮಾತ್ರ ಏನೂ ಆಗಿಲ್ಲವೆಂಬಂತೆ ಮೇಲಿನ ಸ್ವರದಲ್ಲಿ ಹಾಡುತ್ತಲೇ ಇದೆ. ಅದನ್ನು ಕೇಳಿ ಇವನಿಗೆ ಇನ್ನೂ ಜಾಸ್ತಿ ನಗು. ಕೇಳುವವರಿಗೂ. ನನ್ನ ಚಿಕ್ಕಪ್ಪ ಮೈಸೂರಿನ ಮನೆಯಲ್ಲಿ ಹಳೇ ಕ್ಯಾಸೆಟ್ಟಿನಲ್ಲಿ ಈ ಹಾಡು ಹಾಕಿದಾಗ ನನಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಸುಮ್ನೆ ನಕ್ಕಿದ್ದೆ. ಚಿಕ್ಕಪ್ಪನೂ ನಕ್ಕಿದ್ದರು. ಅಲ್ಲಿಂದ ಹಿಡಿದ ಹುಚ್ಚು ಇದು.

ಆ ಒಂದು ಹಾಡು ನನ್ನ ಹತ್ತಿರ ಮೂರು ಸಂಗ್ರಹಗಳಲ್ಲಿದೆ. ಆದರೆ ನನಗೆ ಇಡೀ ರಾತ್ರಿ ಬೇಕಿತ್ತು. ನಗು ಬರುವ ಮೊದಲು ಏನು ಮಾತಾಡುತ್ತಿದ್ದ, ಅಷ್ಟು ನಕ್ಕ ಮೇಲೆ ಮುಂದಿನ ಹಾಡಿಗೆ ಹೇಗೆ ಮುಖ ಸರಿಮಾಡಿಕೊಂಡು ಹೋದ, ಅದು ಬೇಕಿತ್ತು. ಆ ಶೋ ಪೂರ್ತಿಯಾಗಿ ಹಿಂದೊಮ್ಮೆ ಸಂಗ್ರಾಹಕರಿಗೆಂದೇ ಇರುವ ಲೇಬಲ್‌ನಲ್ಲಿ ಬಂದಿತ್ತು. ಮುಂದಿನ ಸಂಬಳ ಬರಲಿ ಅಂತ ಕಾದೆ. ಸಂಬಳ ಬಂತು, ಸಿಡಿ ಮುಗಿದಿತ್ತು. ಇವರದು ಹಾಗೇ. ಕಡಿಮೆ ಸಂಖ್ಯೆಯಲ್ಲಿ ಮಾಡುತ್ತಾರೆ, ತೀರಿದರೆ ತೀರಿತು. ಮರುದಿನದಿಂದ ಅದನ್ನೇ ಕೊಂಡವರು ನಾಲ್ಕು ಪಟ್ಟು ಬೆಲೆ ಹೇಳಿ ಮಾರುತ್ತಾರೆ. ಹಾಡಿನ ಮೇಲೆ ಪ್ರೀತಿ ಇರುವವರೇ ಹೀಗೆ ಮಾಡುವುದು ನೋಡಿ, ಅದು ಇನ್ನೂ ಉರಿಯುತ್ತದೆ.

ಇನ್ನು ಇದೇ ಆರು ರಾತ್ರಿಗಳ ಕಥೆ ಕೇಳಿ. 1969ರಲ್ಲೇ ಇವುಗಳಿಂದ ಹನ್ನೆರಡು ಹಾಡು ಆರಿಸಿ, ಮೆಂಫಿಸ್ ಸ್ಟುಡಿಯೋದ ಹಾಡುಗಳ ಜೊತೆ ಸೇರಿಸಿ ಜೋಡಿ ಎಲ್‌ಪಿ ಮಾರಿದರು. ಮಾರನೇ ವರ್ಷ ಆ ಜೋಡಿಯನ್ನೇ ಬಿಡಿಸಿ ಒಂದೊಂದಾಗಿ ಮಾರಿದರು. ಆಮೇಲೆ ಕ್ಯಾಸೆಟ್. ಆಮೇಲೆ ಸಿಡಿ. ಆಮೇಲೆ ಹೆಚ್ಚುವರಿ ಹಾಡು ಸೇರಿಸಿದ ಸಿಡಿ. ಆಮೇಲೆ ಬಿಡಿ ಶೋಗಳು. 2019ಕ್ಕೆ ಐವತ್ತು ವರ್ಷ ತುಂಬಿತಲ್ಲ, ಆಗ ಹನ್ನೊಂದನ್ನೂ ಒಟ್ಟಿಗೆ ಹಾಕಿದ ಈ ಬಾಕ್ಸ್. ಟೇಪು 1969ರಿಂದಲೂ ಅವರ ಗೋದಾಮಿನಲ್ಲೇ ಇತ್ತು, ಎಲ್ಲೂ ಓಡಿಹೋಗಿರಲಿಲ್ಲ. ಅದೇ ಸಾರನ್ನು ಐವತ್ತು ವರ್ಷ ಬಿಸಿ ಮಾಡಿ ಮಾಡಿ ಬಡಿಸಿದ್ದಾರೆ, ಪ್ರತಿ ಸಲ ಒಂದು ಹೊಸ ಒಗ್ಗರಣೆ ಹಾಕಿ.

ನ್ಯೂಯಾರ್ಕಿನದು ಇನ್ನೂ ಚೆನ್ನಾಗಿದೆ. 1972ರ ಜೂನ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೂರು ದಿನಕ್ಕೆ ನಾಲ್ಕು ಶೋ. 10ನೇ ತಾರೀಖು ಶನಿವಾರ, ಅವತ್ತು ಎರಡು, ಮಧ್ಯಾಹ್ನ ಒಂದು ರಾತ್ರಿ ಒಂದು. ಎರಡನ್ನೂ ಟೇಪ್ ಮಾಡಿದರು. ರಾತ್ರಿಯದನ್ನು ಎರಡು ವಾರದೊಳಗೆ ಎಲ್‌ಪಿ ಮಾಡಿ ಅಂಗಡಿಗೆ ತಂದರು. ಅಷ್ಟು ಚುರುಕಿನ ಜನ ಮಧ್ಯಾಹ್ನದ್ದನ್ನು ಕೊಡಲು ಎಷ್ಟು ದಿನ ತೆಗೆದುಕೊಂಡರು ಗೊತ್ತಾ? ಇಪ್ಪತ್ತೈದು ವರ್ಷ. 1997ಕ್ಕೆ 'ಆ್ಯನ್ ಆಫ್ಟರ್‌ನೂನ್ ಇನ್ ದ ಗಾರ್ಡನ್' ಅಂತ ಬಂತು. ಕೊಂಡೆ. 2012ಕ್ಕೆ ನಲವತ್ತು ವರ್ಷದ ಲೆಕ್ಕದಲ್ಲಿ ಎರಡೂ ಶೋಗಳನ್ನು ಹೊಸದಾಗಿ ಮಿಕ್ಸ್ ಮಾಡಿ, ಪ್ರೇಕ್ಷಕರಲ್ಲಿ ಯಾರೋ ಕೈ ಕ್ಯಾಮರಾದಲ್ಲಿ ತೆಗೆದ ಚಿತ್ರದ ಡಿವಿಡಿ ಸೇರಿಸಿ ಮತ್ತೆ ಬಂತು. ಅದನ್ನೂ ಕೊಂಡೆ. ರಾತ್ರಿಯದು ಎಲ್‌ಪಿ ಒಂದು, ಹಳೇ ಸಿಡಿ ಒಂದು, ಹೊಸದೊಂದು. ಮಧ್ಯಾಹ್ನದ್ದು ಎರಡು, ಅದರಲ್ಲಿ ಹೊಸದು ರಾತ್ರಿಯದರ ಜೊತೆಗೇ ಬಂದದ್ದು. ನಾನಿನ್ನೂ ಹುಟ್ಟಿರದ ಒಂದು ಶನಿವಾರಕ್ಕೆ ನಾಲ್ಕು ಸಲ ದುಡ್ಡು ಕೊಟ್ಟಿದ್ದೇನೆ. ಅವತ್ತು ಅಲ್ಲಿ ಕೂತು ನೋಡಿದವರು ಟಿಕೆಟ್ಟಿಗೆ ಒಂದೇ ಸಲ ಕೊಟ್ಟದ್ದು.

ಹವಾಯಿಯಿಂದ ಉಪಗ್ರಹದ ಮೂಲಕ ಟಿವಿಯಲ್ಲಿ ಬಿತ್ತರವಾದ ಕಾರ್ಯಕ್ರಮದ್ದೂ ಇದೇ ಹಾಡು. 1973ರ ಜನವರಿ 14ರದ್ದು ಆಗಲೇ ಬಂತು, ಎರಡು ದಿನ ಮೊದಲಿನ ರಿಹರ್ಸಲ್ ಶೋ 1988ಕ್ಕೆ, ಎರಡೂ ಸೇರಿ 2013ಕ್ಕೆ, ಐವತ್ತು ವರ್ಷಕ್ಕೆ 2023ರಲ್ಲಿ ಇನ್ನೊಂದು ಸಲ. ಇಪ್ಪತ್ತೈದು, ನಲವತ್ತು, ಐವತ್ತು. ನಮ್ಮ ಮನೆಯಲ್ಲಿ ತಾತನ ತಿಥಿಯನ್ನೂ ಇಷ್ಟು ತಪ್ಪದೆ ಮಾಡಿಲ್ಲ. ತಿಥಿಯಲ್ಲಾದರೂ ಊಟ ಪುಕ್ಕಟೆ.

'ಆನ್‌ಲೈನ್‌ನಲ್ಲಿ ಎಲ್ಲಾ ಸಿಗುತ್ತಲ್ಲ, ಯಾಕೆ ಕೊಳ್ತೀರಾ' ಅಂತ ಯಾರೂ ಹೇಳಬೇಡಿ, ದಯವಿಟ್ಟು. ಸಿಗುತ್ತೆ. ಯಾವ ರಾತ್ರಿಯದು, ಯಾರು ಮಿಕ್ಸ್ ಮಾಡಿದ್ದು, ಟೇಪಿನಿಂದ ನೇರ ಬಂದದ್ದೋ ಇಲ್ಲಾ ಆಮೇಲೆ ಚಪ್ಪಾಳೆ ಅಂಟಿಸಿದ್ದೋ, ಒಂದೂ ಬರೆದಿರುವುದಿಲ್ಲ. ಹಾಡಿನ ಹೆಸರು, ಒಂದು ಫೋಟೋ, ಅಷ್ಟೇ. ಹೋದ ತಿಂಗಳು ಕೇಳಿದ್ದು ಈ ತಿಂಗಳು ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಹಾಗಂತ ಕೈಗೆ ಸಿಗುವ ಮಾಲೆಲ್ಲ ಒಳ್ಳೆಯದು ಅಂತಲೂ ಅಲ್ಲ. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕಗಳ ಪಕ್ಕ ಒಂದು ಸಲ ಅವನ ಮೊದಲ ಎಲ್‌ಪಿ ಸಿಕ್ಕಿತು. 1956ರದ್ದು, ಗಿಟಾರ್ ಹಿಡಿದು ಕಣ್ಣು ಮುಚ್ಚಿ ಕೂಗುತ್ತಿರುವ ಆ ಚಿತ್ರ. ನನ್ನ ಕೈ ನಡುಗಿತು. ಅಂಗಡಿಯವರು ನನ್ನ ಮುಖ ನೋಡಿಯೇ ರೇಟು ಏರಿಸಿರಬೇಕು. ಮನೆಗೆ ತಂದು ಹಾಕಿದರೆ ಬಾವಿಯೊಳಗಿಂದ ಹಾಡಿದ ಹಾಗಿದೆ. ಕವರ್ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಎಲೆಕ್ಟ್ರಾನಿಕ್ ಆಗಿ ಸ್ಟೀರಿಯೋ ಮಾಡಲಾಗಿದೆ ಅಂತ. ಅರವತ್ತರ ದಶಕದಲ್ಲಿ ಸ್ಟೀರಿಯೋ ಹುಚ್ಚು ಹೆಚ್ಚಿದಾಗ ಮಾಡಿದ ಕೆಲಸ ಅದು. ಮೋನೋದಲ್ಲಿ ಆದ ಹಾಡು, ಎಲ್ಲ ಒಂದೇ ಟ್ರ್ಯಾಕಿನಲ್ಲಿದೆ. ಅದನ್ನು ಎರಡು ಮಾಡುವುದು ಹೇಗೆ? ಒಂದು ಸ್ಪೀಕರಿಗೆ ಕೀರಲು ಭಾಗ, ಇನ್ನೊಂದಕ್ಕೆ ದಪ್ಪ ಭಾಗ, ನಡುವೆ ಚೂರು ತಡ, ಮೇಲಿಂದ ಒಂದಿಷ್ಟು ಪ್ರತಿಧ್ವನಿ. ಸ್ಟೀರಿಯೋ ರೆಡಿ! ಒಳ್ಳೇ ಫಿಲ್ಟರ್ ಕಾಫಿಗೆ ನೀರು ಬೆರೆಸಿ ಎರಡು ಲೋಟ ಮಾಡಿದ ಹಾಗೆ. 1962ರಿಂದ 1984ರವರೆಗೆ, ಅವನ ಐವತ್ತನೇ ಹುಟ್ಟುಹಬ್ಬ ಹತ್ತಿರ ಬಂದು ಮೋನೋ ವಾಪಸ್ ತರುವವರೆಗೆ, ಹೊಸದಾಗಿ ಕೊಂಡವರ ಪಾಲಿಗೆ ಸಿಕ್ಕಿದ್ದು ಬಹುಪಾಲು ಈ ನೀರು ಕಾಫಿಯೇ. ಆಮೇಲೆ 'ಮೂಲ ಮೋನೋ' ಅಂತ ಹೆಮ್ಮೆಯಿಂದ ಚೀಟಿ ಅಂಟಿಸಿ ಮಾರಿದರು. ಕೆಡಿಸಿದವರೂ ಅವರೇ, ಸರಿ ಮಾಡಿದವರೂ ಅವರೇ. ಎರಡಕ್ಕೂ ಬಿಲ್ ನಮ್ಮದು.

1974ರಲ್ಲಿ ಬಂದ ಒಂದು ಎಲ್‌ಪಿ ಇದೆ, ಸ್ಟೇಜ್ ಮೇಲಿನದು ಅಂತ. ಅದರಲ್ಲಿ ಹಾಡೇ ಇಲ್ಲ. ನಿಜವಾಗಿಯೂ ಇಲ್ಲ. ಹಾಡುಗಳ ನಡುವೆ ಅವನು ಆಡಿದ ಮಾತು, ಕೆಮ್ಮು, ನೀರು ಕುಡಿದದ್ದು, ಇವನ್ನೇ ಕತ್ತರಿಸಿ ಅಂಟಿಸಿದ್ದು. ಹಾಡಿದ್ದರೆ ಕಂಪನಿಯ ಹಕ್ಕು ಬರುತ್ತದೆ, ಬರೀ ಮಾತಾದರೆ ತಾನೇ ಮಾರಬಹುದು ಅಂತ ಮ್ಯಾನೇಜರ್ ಹೂಡಿದ ಆಟ. ಅದನ್ನೂ ನಾನು ಕೊಂಡೆ. ಒಂದೇ ಸಲ ಹಾಕಿದ್ದೇನೆ. ನನ್ನ ಹೆಂಡತಿ ಅಡುಗೆಮನೆಯಿಂದ, 'ರೀ, ಇವನು ಹಾಡೋದು ಯಾವಾಗ?' ಅಂತ ಕೇಳಿದಳು.

ಅವಳ ಬಗ್ಗೆ ದೂರಿಲ್ಲ. ಹದಿನೈದು ವರ್ಷದಿಂದ ಸಹಿಸಿಕೊಂಡಿದ್ದಾಳೆ. ಎಪ್ಪತ್ತರ ದಶಕದ ಶೋಗಳೆಲ್ಲ ಬಹುಪಾಲು ಒಂದೇ ಥರ ಶುರುವಾಗುತ್ತವೆ, 'ಸೀ ಸೀ ರೈಡರ್' ಹಾಡು ಬರುತ್ತದೆ, ಕೊನೆಗೆ 'ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್'. ಆ ಮೊದಲನೇ ಹಾಡು ನನ್ನ ಹತ್ತಿರ ನಲವತ್ತಕ್ಕಿಂತ ಜಾಸ್ತಿ ಇವೆ. ಅವಳಿಗೆ ಈಗ ಡ್ರಮ್ ಎಲ್ಲಿ ಬೀಳುತ್ತದೆ ಅಂತ ಬಾಯಿಪಾಠ. ಕುಕ್ಕರ್ ವಿಸಲ್ ಎಣಿಸುವ ಹಾಗೆ ಎಣಿಸುತ್ತಾಳೆ. ಅವಳ ತಕರಾರು ಸಿಡಿಗಳ ಸೈಜಿನದು ಮಾತ್ರ. ಆ ಸಂಗ್ರಾಹಕರ ಲೇಬಲ್‌ನವರು ಕವರನ್ನು ಏಳು ಇಂಚಿನ ಹಳೇ ಸಿಂಗಲ್ ರೆಕಾರ್ಡ್ ಅಳತೆಗೆ ಮಾಡುತ್ತಾರೆ. ಸಿಡಿ ಸ್ಟ್ಯಾಂಡಿನಲ್ಲಿ ಕೂರುವುದಿಲ್ಲ, ಎಲ್‌ಪಿ ಜೊತೆ ನಿಲ್ಲಿಸಿದರೆ ಹಿಂದಕ್ಕೆ ಬಿದ್ದು ಕಾಣೆಯಾಗುತ್ತವೆ. ಕೊನೆಗೆ ಅವು ಹೋಗಿ ಸೇರಿದ್ದು ಅವಳ ಸೀರೆ ಬೀರುವಿನಲ್ಲಿ.

ಈಗ ಈ ಬಾಕ್ಸಿಗೆ ಬರುತ್ತೇನೆ. ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹೊರದೇಶದ ಒಬ್ಬ ಮಾರಾಟಗಾರರಿಂದ ತರಿಸಿದೆ. ಸಾಗಣೆ ಸೇರಿ 12,000 ರೂಪಾಯಿ. ಕೊರಿಯರ್‌ನವನು ಬಾಗಿಲಲ್ಲಿ ನಿಂತು ಕಸ್ಟಮ್ಸ್ ಅಂತ ಇನ್ನೂ 5,000 ತೆಗೆದುಕೊಂಡ. ಕೊಟ್ಟೆ. ಹನ್ನೊಂದನೇ ಸಿಡಿ ಇದೆಯಲ್ಲ ಅಂತ ಕೊಟ್ಟೆ.

ರಾತ್ರಿಯೇ ಫೋಟೋ ಸಮೇತ ಬರೆದೆ. ಬೆಳಿಗ್ಗೆ ಉತ್ತರ ಬಂತು. ಸೀಲ್ ಒಡೆದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಅಲ್ಲಾ ಸ್ವಾಮಿ, ಸೀಲ್ ಒಡೆಯದೆ ಒಳಗೆ ಹನ್ನೊಂದನೆಯದು ಇದೆಯೋ ಇಲ್ಲವೋ ಅಂತ ನೋಡಲು ನಾನೇನು ಅಂಜನ ಹಾಕಿಸಬೇಕಾ? ಮತ್ತೆ ಬರೆದೆ. ಆಗ ಒಂದು ಮೆಟ್ಟಿಲು ಇಳಿದರು: ಇಡೀ ಬಾಕ್ಸ್ ನಿಮ್ಮ ಖರ್ಚಿನಲ್ಲಿ ಕಳಿಸಿ, ಪರೀಕ್ಷೆ ಮಾಡಿ ಆಮೇಲೆ ಹೇಳುತ್ತೇವೆ. ಕಳಿಸುವ ಖರ್ಚು ಕೇಳಿದರೆ ಬಾಕ್ಸಿನ ಅರ್ಧ ಬೆಲೆ. ಕಸ್ಟಮ್ಸ್ ದುಡ್ಡಂತೂ ಹೋದದ್ದೇ. ಬೇರೆ ಬಾಕ್ಸ್ ಕೊಡುತ್ತೀರಾ ಅಂದರೆ ಸ್ಟಾಕ್ ಇಲ್ಲ. ಒಂದೇ ಸಿಡಿ ಕಳಿಸಿ ಅಂದರೆ ಬಿಡಿ ಸಿಡಿ ಕೊಡುವ ಪದ್ಧತಿ ಇಲ್ಲ. ಐವತ್ತು ವರ್ಷ ಇದೇ ಹಾಡುಗಳನ್ನು ಬಿಡಿಬಿಡಿಯಾಗಿ ಮಾರಿದ ವ್ಯಾಪಾರದಲ್ಲಿ, ನನಗೆ ಬೇಕಾದಾಗ ಮಾತ್ರ ಬಿಡಿ ಇಲ್ಲ! ರೆಕಾರ್ಡ್ ಕಂಪನಿಗೂ ಬರೆದೆ. ನಿಮ್ಮ ಪತ್ರ ತಲುಪಿದೆ ಅಂತ ಯಂತ್ರದ ಉತ್ತರ ಬಂದಿದೆ. ಕೆಳಗೆ ಮುಂದಿನ ಬಾಕ್ಸಿನ ಜಾಹೀರಾತು.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ನನ್ನ ಬಾಕ್ಸಿಗೆ ಹತ್ತು ಎರಡು ಬಿದ್ದಿದೆ ಅಂದರೆ, ಜೋಡಿಸುವಾಗ ಪಕ್ಕದ ಬಾಕ್ಸಿಗೆ ಹನ್ನೊಂದು ಎರಡು ಬಿದ್ದಿರಬೇಕು ಅಲ್ವಾ? ಅಂದರೆ ಲೋಕದಲ್ಲಿ ಎಲ್ಲೋ ಒಬ್ಬ ಕೂತಿದ್ದಾನೆ. ಅವನೂ ನಿನ್ನೆಯೋ ಹೋದ ವರ್ಷವೋ ಎಣಿಸಿ, ಕನ್ನಡಕ ಒರೆಸಿಕೊಂಡು, ಮತ್ತೆ ಎಣಿಸಿ ಶಾಪ ಹಾಕಿದ್ದಾನೆ. 26ರ ಊಟದ ಹೊತ್ತಿನ ಶೋ ಅವನಿಗಿಲ್ಲ. ನಡುರಾತ್ರಿಯ ನಗು ಎರಡೆರಡು ಇದೆ. ಅಂಥವರು ಯಾರಾದರೂ ನಿಮಗೆ ಗೊತ್ತಿದ್ದರೆ ಹೇಳಿ. ನನ್ನ ಹತ್ತಿರ ಒಂದು ಹತ್ತು ಹೆಚ್ಚಿಗೆ ಇದೆ, ಒಂದು ಗೀರೂ ಬಿದ್ದಿಲ್ಲ. ಅಂಚೆ ಖರ್ಚು ನಾನೇ ಹಾಕಿಕೊಳ್ಳುತ್ತೇನೆ.