ಜೀನ್ಸ್ ತೊಟ್ಟ ಕಾರು

ನಮ್ಮ ಹಳೆ ಕಾರು ಹತ್ತಲು ಅವ್ವ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಮೊದಲು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು. ಆಮೇಲೆ ‘ತಾಯಿ ದುರ್ಗಮ್ಮಾ’ ಅಂದು ಹಿಂದಕ್ಕೆ ಬೀಳುವುದು. ಬಿದ್ದ ಮೇಲೆ ಅವಳ ಕಾಲುಗಳನ್ನು ಒಂದೊಂದಾಗಿ ನಾನು ಎತ್ತಿ ಒಳಗಿಡಬೇಕು. ಇಳಿಯುವಾಗ ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಸೇದಿದ ಹಾಗೆ ಎಳೆಯಬೇಕು. ಸೀಟು ಅಷ್ಟು ತಗ್ಗಿನಲ್ಲಿತ್ತು. ಬಳ್ಳಾರಿಯ ಮೋತಿ ಸರ್ಕಲ್‌ನಲ್ಲಿ ಲಾರಿ ಪಕ್ಕ ನಿಂತರೆ ನಮಗೆ ಕಾಣುತ್ತಿದ್ದುದು ಅದರ ಟೈರಿನ ನಟ್ಟು ಬೋಲ್ಟು ಮಾತ್ರ.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ನೀವು ಕೇಳಿರಲಿಕ್ಕಿಲ್ಲ. ಗೋವಾದಲ್ಲಿ ತಯಾರಾಗುತ್ತಿದ್ದ, ಎರಡೇ ಬಾಗಿಲು, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಮೈ ತಗಡಿನದಲ್ಲ, ಫೈಬರಿನದು. ಎಂಜಿನ್ ಫ್ರಾನ್ಸಿನ ರೆನೊ ಕಂಪನಿಯದು, 1149 ಸಿಸಿ, 60 ಕುದುರೆ ಶಕ್ತಿ. ತಲೆ ಮೇಲೆ ಬಟ್ಟೆಯ ಹುಡ್. 2003ರ ಗಾಡಿಯನ್ನು ನಾನು 2009ರಲ್ಲಿ ಸೆಕೆಂಡ್ ಹ್ಯಾಂಡ್ ತಂದೆ.

ಆಗ ಬಳ್ಳಾರಿಯಲ್ಲಿ ಗಣಿ ದುಡ್ಡಿನ ಕಾಲ. ತಲೆ ಮೇಲೆ ಹೆಲಿಕಾಪ್ಟರ್ ಹೋದರೆ ಹುಡುಗರು ಮೇಲೆ ನೋಡುವುದನ್ನೂ ಬಿಟ್ಟಿದ್ದರು. ನನ್ನದು ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ. ಗಣಿಗೂ ನನಗೂ ಇದ್ದ ಸಂಬಂಧ ಅಂದರೆ ದಿನಾ ಬೆಳಿಗ್ಗೆ ಶೆಟರ್ ಮೇಲಿಂದ ಒರೆಸುವ ಕೆಂಪು ದೂಳು, ಅಷ್ಟೇ. ಆದರೂ ಊರಿಗೆಲ್ಲ ಹಿಡಿದ ಹುಚ್ಚು ನನಗೂ ಒಂದಿಷ್ಟು ಹಿಡಿಯಿತು. ಸ್ಟಾರ್ಮ್ ಬಂದ ಮೇಲೆ ಜನ ನನ್ನನ್ನೂ ಗಣಿಯವನು ಅಂದುಕೊಂಡರು. ಕಾರು ಚಿಕ್ಕದಾದ್ದರಿಂದ ಗಣಿಯೂ ಚಿಕ್ಕದಿರಬೇಕು ಅಂತ ಸಮಾಧಾನಪಟ್ಟುಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ದೊಡ್ಡ ದೊಡ್ಡ ಕಾರುಗಳು ಒಂದೊಂದಾಗಿ ಊರಿಂದ ಕಾಣೆಯಾದವು. ನನ್ನದು ಉಳಿಯಿತು. ಪ್ರೀತಿ ಇತ್ತು, ನಿಜ. ಕೊಳ್ಳುವವರು ಯಾರೂ ಇರಲಿಲ್ಲ ಅನ್ನುವುದೂ ನಿಜ.

ಮನೆಯಲ್ಲಿ ನಾಲ್ಕು ಜನ, ಕಾರಿನಲ್ಲಿ ಎರಡು ಸೀಟು. ಇದಕ್ಕೆ ನಾವು ಕಂಡುಕೊಂಡ ದಾರಿ ಆಟೋ. ಹಂಪಿಗೆ ಹೊರಟರೆ ಮುಂದೆ ನಾನು, ನನ್ನ ಹೆಂಡತಿ ಸ್ಪೋರ್ಟ್ಸ್ ಕಾರಿನಲ್ಲಿ. ಹಿಂದೆ ಅವ್ವ, ಮಗ, ಬುತ್ತಿಗಂಟು ಆಟೋದಲ್ಲಿ. ಎಷ್ಟೋ ಸಲ ಆಟೋನೇ ಮುಂದೆ ಹೋಗುತ್ತಿತ್ತು. ಮಗ ಹಿಂದಕ್ಕೆ ತಿರುಗಿ ಕೈ ಬೀಸುತ್ತಿದ್ದ. ಆ ಆಟೋ ಅಣ್ಣನೂ ಕಾಯಂ ಗಿರಾಕಿ ಅಂತ ದೀಪಾವಳಿಗೆ ಮನೆಗೆ ಬಂದು ಹೋಳಿಗೆ ತಿಂದು ಹೋಗುತ್ತಿದ್ದ.

ಒಂದು ದಿನ ಕೌಲ್ ಬಜಾರಿನಲ್ಲಿ ಒಂದು ಹೋರಿ ನಮ್ಮ ಕಾರಿನ ಮಡ್‌ಗಾರ್ಡಿಗೆ ಕೋಡು ಹಾಕಿತು. ಗ್ಯಾರೇಜಿನವನು ಬೆರಳಲ್ಲಿ ಟಕಟಕ ಬಾರಿಸಿ ನೋಡಿ, “ಸಾರ್, ಇದು ನನ್ ಕೆಲಸ ಅಲ್ಲ, ಕೂಲರ್ ರಿಪೇರಿಯವನ ಹತ್ರ ಹೋಗ್ರಿ” ಅಂದ. ತಮಾಷೆ ಅಂದುಕೊಂಡೆ. ಅಲ್ಲ. ನಮ್ಮೂರಿನ ಬಿಸಿಲಿಗೆ ಮನೆಗೊಂದು ಕೂಲರ್, ಅದರ ಡಬ್ಬಿ ಫೈಬರಿನದು. ಒಡೆದ ಡಬ್ಬಿಗೆ ತೇಪೆ ಹಾಕುವವನೇ ನನ್ನ ಕಾರಿಗೂ ಅಂಟು ಸುರಿದು, ಗಾಜಿನ ನೂಲಿನ ಮ್ಯಾಟ್ ಹಚ್ಚಿ, ತಿಕ್ಕಿ ನುಣುಪು ಮಾಡಿ ಕೊಟ್ಟ. “ನೀರು ತುಂಬ್ಸಿ ನೋಡ್ರಿ, ಒಂದು ಹನಿ ಸೋರಂಗಿಲ್ಲ” ಅಂತ ಗ್ಯಾರಂಟಿ ಬೇರೆ ಕೊಟ್ಟ.

ಹುಡ್ಡಿನ ಕಥೆ ಮಾತ್ರ ಸ್ವಲ್ಪ ದೊಡ್ಡದು.

ಬಳ್ಳಾರಿ ಬಿಸಿಲಿನಲ್ಲಿ ಮೈ ಚರ್ಮವೇ ಉಳಿಯುವುದಿಲ್ಲ, ಬಟ್ಟೆ ಹುಡ್ ಎಲ್ಲಿ ಉಳಿದೀತು? ಅದು ಹಪ್ಪಳದ ಹಾಗೆ ಆಗಿ, ಒಂದು ಮೇ ತಿಂಗಳಲ್ಲಿ ಮಡಚಲು ಹೋದರೆ ಕೈಗೇ ಬಂತು. ಹೊಸದಕ್ಕೆ ಗೋವಾಕ್ಕೆ ಫೋನ್ ಮಾಡುವ ಹೊತ್ತಿಗೆ ನನ್ನ ಗಿರಾಕಿ ಯೂನಿಟ್ಟಿನ ಮಾಸ್ಟರ್ ಟೈಲರ್ ಅಂಗಡಿಗೆ ಬಂದ. “ಅದಕ್ಕೇನ್ ಸಾರ್, ನಾವಿಲ್ವಾ? ಹದಿನಾಲ್ಕು ಔನ್ಸಿನ ಜೀನ್ಸ್ ಬಟ್ಟೆ ಐತೆ, ಹೊಲ್ದು ಬಿಸಾಕಣ” ಅಂದ. ಟೇಪು ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿ ಕೇಳಿದ: “ಸ್ಲಿಮ್ ಫಿಟ್ಟಾ, ರೆಗ್ಯುಲರ್ರಾ?”

ಮೂರನೇ ದಿನ ಹುಡ್ ತಯಾರು. ನೀಲಿ ಜೀನ್ಸ್, ಅಂಚಿಗೆ ಕೇಸರಿ ದಾರದ ಡಬಲ್ ಹೊಲಿಗೆ, ಮೂಲೆಗಳಿಗೆ ತಾಮ್ರದ ರಿವೆಟ್. ಅಷ್ಟಾಗಿದ್ದರೆ ಚೆಂದ ಇರುತ್ತಿತ್ತು. ಕೈಯ ರೂಢಿ ಬಿಡುತ್ತದೆಯೇ? ಹಿಂಭಾಗಕ್ಕೆ ಒಂದು ಜೇಬೂ ಇಟ್ಟಿದ್ದ. ಆ ಜೇಬು ಊರಿನ ಅಂಚೆಪೆಟ್ಟಿಗೆ ಆಯಿತು. ಚುನಾವಣೆ ಬಂದರೆ ಮೂರೂ ಪಕ್ಷದ ಕರಪತ್ರ ಅದರಲ್ಲಿ. ಒಂದು ಸಲ ಯಾರೋ ಮದುವೆ ಕಾರ್ಡು ಇಟ್ಟು ಹೋಗಿದ್ದರು. ಯಾರದೆಂದು ಗೊತ್ತಾಗಲಿಲ್ಲ. ಆದರೂ ಹೋಗಿ ಊಟ ಮಾಡಿ ಬಂದೆವು.

ಜೂನ್‌ನಲ್ಲಿ ಸಿರುಗುಪ್ಪದಲ್ಲಿ ಇನ್ನೊಂದು ಮದುವೆ. ನಮ್ಮ ಮಾವ ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ತಲೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಹೆಂಗಸರು ಆಟೋದಲ್ಲಿ. ಅರ್ಧ ದಾರಿಯಲ್ಲಿ ವರ್ಷದ ಮೊದಲ ಮಳೆ ಹಿಡಿಯಿತು. ಹುಡ್ ಒಳಗೆ ಒಂದು ಹನಿ ನೀರು ಬಿಡಲಿಲ್ಲ, ಟೈಲರ್ ಕೆಲಸ ಗಟ್ಟಿ ಅಂತ ಹಿಗ್ಗಿದೆ. ಹತ್ತು ನಿಮಿಷಕ್ಕೆ ಶುರುವಾಯಿತು. ನೀರಲ್ಲ, ನೀಲಿ. ಮಾವನ ನೆತ್ತಿಗೆ ಒಂದು, ಹೆಗಲಿಗೆ ಎರಡು, ಆಮೇಲೆ ಎಣಿಸುವುದನ್ನು ಬಿಟ್ಟೆ. ಮಾವ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಅದೇ ತಪ್ಪಾಯಿತು. ಮದುವೆ ಮನೆ ಬಾಗಿಲಲ್ಲಿ ಪನ್ನೀರು ಎರಚುತ್ತಿದ್ದ ಹಿರಿಯರು ಅವರನ್ನು ನೋಡಿ ಕೈ ಹಾಗೇ ನಿಲ್ಲಿಸಿ, “ಏನ್ ಗೌಡ್ರೇ, ಬಯಲಾಟದಾಗ ಕೃಷ್ಣನ ಪಾರ್ಟಾ? ಬಣ್ಣ ತೊಳ್ಕಳಾಕೂ ಟೈಮ್ ಸಿಗಲಿಲ್ಲಾ?” ಅಂದರು.

ಮಾವ ಏನೂ ಅನ್ನಲಿಲ್ಲ. ವಾಪಸ್ ಬಸ್ಸಿಗೆ ಹೋದರು. ಮುಂದಿನ ಎರಡು ವರ್ಷವೂ ಬಸ್ಸಿಗೇ ಹೋದರು.

ಟೈಲರ್‌ನನ್ನು ಕೇಳಿದರೆ ಅವನಿಗೆ ನನ್ನ ಮೇಲೇ ಬೇಜಾರು. ಜೀನ್ಸಿನ ನೀಲಿ ಬಣ್ಣ ನೂಲಿನ ಒಳಗೆ ಪೂರಾ ಇಳಿಯುವುದಿಲ್ಲ, ಮೇಲೆ ಮೇಲೆ ಕೂತಿರುತ್ತದೆ. ಅದಕ್ಕೇ ಹೊಲಿದ ಪ್ಯಾಂಟನ್ನು ವಾಶಿಂಗಿಗೆ ಹಾಕಿ ಹೆಚ್ಚಿನದನ್ನು ತೆಗೆಯುವುದು. ದಾರ, ಜಿಪ್ಪು ಮಾರಿ ಬದುಕುವ ನನಗೆ ಇಷ್ಟೂ ಗೊತ್ತಿರಬೇಕಲ್ವಾ? “ಪ್ಯಾಂಟಾದ್ರೆ ಮಿಷಿನ್ನಿಗೆ ಹಾಕ್ತಿದ್ವಿ ಸಾರ್. ಕಾರ್ನ ಹೆಂಗ್ ಹಾಕದು?” ಅಂದ. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೀಗೇ ಹದಿನಾಲ್ಕು ವರ್ಷ. 2023ಕ್ಕೆ ಗಾಡಿಗೆ ಇಪ್ಪತ್ತು ತುಂಬಿತು. ಮತ್ತೆ ನೋಂದಣಿ ನವೀಕರಣ. 600 ರೂಪಾಯಿ ಇದ್ದ ಶುಲ್ಕ ಹಿಂದಿನ ವರ್ಷದ ಏಪ್ರಿಲ್‌ನಿಂದ 5000 ಆಗಿತ್ತು. ದುಡ್ಡು ಹೋಗಲಿ, ಮಗ ಆರಡಿ ಬೆಳೆದಿದ್ದ. ಒಳಗೆ ಕೂತರೆ ತಲೆ ಹುಡ್ಡಿಗೆ ತಿಕ್ಕಿ ಬೈತಲೆ ನೀಲಿಯಾಗುತ್ತಿತ್ತು. ಅವನು ಕಾಲೇಜಿಗೆ ಟೋಪಿ ಹಾಕಿಕೊಂಡು ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಮೂರು ವೋಟು ಒಂದು ಕಡೆ ಬಿದ್ದವು. ಗಂಗಾವತಿಯ ಒಬ್ಬ ಹುಡುಗ ಬಂದು ಕಾರನ್ನು ಪ್ರೀತಿಯಿಂದ ಸವರಿ, ತಗೊಂಡು ಹೋದ. ಹೋಗುವ ಮುಂಚೆ ಹುಡ್ ಬಿಚ್ಚಿ, ಮಡಚಿ ನನ್ನ ಕೈಗಿಟ್ಟ. “ಇದು ನಿಮ್ದೇ ಇರ್ಲಿ ಅಂಕಲ್.” ಅವ್ವ ಅದನ್ನು ಕತ್ತರಿಸಿ, ಜೇಬು ಹಾಗೇ ಉಳಿಸಿ, ಸಂತೆಗೆ ಒಂದು ಚೀಲ ಹೊಲಿದುಕೊಂಡಳು.

ಹೊಸ ಕಾರೂ ಸ್ಪೋರ್ಟ್ಸ್ ಕಾರೇ ಅಂತ ಮಗ ಹೇಳುತ್ತಾನೆ. ಟರ್ಬೊ ಎಂಜಿನ್, 120 ಕುದುರೆ. ಲೆಕ್ಕಕ್ಕೆ ಹಳೆಯದರ ಎರಡರಷ್ಟು. ಬಾಗಿಲು ನಾಲ್ಕು, ಸೀಟು ಐದು. ಹೊರಗೆ ಒಂದು ಕೆಂಪು ಗೆರೆ, ಸೀಟಿಗೆ ಕೆಂಪು ದಾರ. (ದಾರ ನೋಡಿದೆ. ನಮ್ಮ ಅಂಗಡಿಯದು ಇದಕ್ಕಿಂತ ಗಟ್ಟಿ.) ದುರ್ಗಮ್ಮನ ಗುಡಿ ಮುಂದೆ ಪೂಜೆ ಆಯಿತು, ನಿಂಬೆಹಣ್ಣು ಆಯಿತು. ಅವ್ವ ರೂಢಿಯಂತೆ ಬೆನ್ನು ಮಾಡಿ ‘ತಾಯಿ ದುರ್ಗಮ್ಮಾ’ ಅಂದು ಬಿದ್ದಳು. ಇದರ ಸೀಟು ಎತ್ತರ. ಬೀಳಲು ಜಾಗವೇ ಇಲ್ಲದೆ ಸೊಂಟಕ್ಕೆ ಹೊಡೆಸಿಕೊಂಡಳು.

ಇದಕ್ಕೆ ಕೀಲಿ ತಿರುವುವ ಕೆಲಸ ಇಲ್ಲ. ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಶುರು. ಮಾತೆತ್ತಿದರೆ ಕುಂಯ್ ಕುಂಯ್ ಅನ್ನುತ್ತದೆ. ಬೆಲ್ಟ್ ಹಾಕದಿದ್ದರೂ ಕುಂಯ್, ಬಾಗಿಲು ತೆರೆದರೂ ಕುಂಯ್. ಒಂದು ಭಾನುವಾರ ಹೊಸಪೇಟೆಗೆ ಹೊರಟಿದ್ದೆವು. ಸುಧಾ ಕ್ರಾಸ್ ರೈಲ್ವೆ ಗೇಟ್ ಬಿದ್ದಿತ್ತು. ಗೇಟು ಬಿದ್ದರೆ ಹೊತ್ತು ಹೋಗುತ್ತದೆ ಅಂತ ಗೊತ್ತಿದ್ದವನೇ ನಾನು, ಎಂಜಿನ್ ಹಾಗೇ ಬಿಟ್ಟು ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬರಲು ಇಳಿದೆ. ಮಗ ಸ್ಟಿಯರಿಂಗ್ ಮುಂದೆ ಬಂದು ಕೂತ, ಲೈಸೆನ್ಸ್ ಹೊಸದು. ಮಿರ್ಚಿ ಇನ್ನೂ ಎಣ್ಣೆಯಲ್ಲಿದ್ದಾಗ ಗೇಟ್ ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ‘ಮುಂದೆ ಹೋಗಿ ನಿಲ್ಲಿಸು’ ಅಂತ ಮಗನಿಗೆ ಕೈ ಮಾಡಿದೆ. ಅವನು ‘ನೀವು ಹೋಗಿ, ನಾನು ಬರ್ತೀನಿ’ ಅಂತ ತಿಳಿದ. ಅವನದೇನು ತಪ್ಪು? ಚಿಕ್ಕವನಿದ್ದಾಗಿನಿಂದ ನೋಡಿದ್ದಾನೆ. ನಮ್ಮ ಮನೆಯಲ್ಲಿ ಎಲ್ಲಿಗೆ ಹೋದರೂ ಅರ್ಧ ಜನ ಹಿಂದಿನಿಂದ ಆಟೋದಲ್ಲಿ ಬರುತ್ತಾರೆ.

ಕಾರು ಕೀಲಿ ಇಲ್ಲ, ಕೀಲಿ ಇಲ್ಲ ಅಂತ ಕುಂಯ್‌ಗುಟ್ಟಿದೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ. ತೋರಣಗಲ್ಲಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ಆಫ್ ಮಾಡಿದ್ದಾರೆ. ಅಷ್ಟೇ, ಮುಗಿಯಿತು.

“ಅಪ್ಪಾ, ಕಾರಿಗೆ ಕೀಲಿ ಬೇಕಂತೆ.”

ನನ್ನ ಒಂದು ಕೈಯಲ್ಲಿ ಮಿರ್ಚಿ ಪೊಟ್ಟಣ, ಒಂದು ಕೈಯಲ್ಲಿ ಕೀಲಿ. ಯಾರಿಗೆ ಫೋನ್ ಮಾಡಿದೆ ಅಂತ ಹೇಳಬೇಕಿಲ್ಲ. ಹತ್ತು ನಿಮಿಷದಲ್ಲಿ ಬಂದ. “ಹೊಸ ಕಾರ್ ಬಂದ್ ಮ್ಯಾಲೆ ನಮ್ಮನ್ನ ಮರ್ತೇಬಿಟ್ರಿ ಅನ್ಕಂಡಿದ್ದೆ ಸಾರ್” ಅಂದ. ದಾರಿಯುದ್ದಕ್ಕೂ ಇಬ್ಬರೂ ಮಿರ್ಚಿ ತಿಂದೆವು.

ಬಂಕಿನಲ್ಲಿ ನಾನು ಹತ್ತಿರ ಹೋಗುತ್ತಿದ್ದ ಹಾಗೇ ಕಾರು ಮಡಚಿದ್ದ ಕನ್ನಡಿಗಳನ್ನು ಕಿವಿ ನಿಮಿರಿಸಿದ ಹಾಗೆ ಬಿಚ್ಚಿತು. ಬಿಟ್ಟು ಹೋದದ್ದು ತಾನೇ ಅಲ್ಲ ಅನ್ನುವ ಹಾಗೆ. ಅವ್ವ ಅದರ ಕಡೆ ನೋಡಲೂ ಇಲ್ಲ. ಎರಡು ಹೆಜ್ಜೆಗೆ ಆಟೋ ಹತ್ತಿ, ಸೆರಗು ಸರಿ ಮಾಡಿಕೊಂಡು ಕೂತಳು. “ನೀವು ಮುಂದೆ ನಡೀರಿ. ನಾವು ಬರ್ತೀವಿ.”

ಅವಳ ಚೀಲ ಕಾರಿನ ಮುಂದಿನ ಸೀಟಿನಲ್ಲೇ ಉಳಿದಿತ್ತು. ಬೀಗರಿಗೆ ಅಂತ ತಂದ ಐದು ಕೆಜಿ ಶೇಂಗಾ. ಹೊರಟ ಕೂಡಲೇ ಮತ್ತೆ ಕುಂಯ್ ಕುಂಯ್. ಶೇಂಗಾ ಬೆಲ್ಟ್ ಹಾಕಿಲ್ಲವಂತೆ. ನಿಲ್ಲಿಸಿ, ಚೀಲಕ್ಕೆ ಬೆಲ್ಟ್ ಬಿಗಿದೆ. ಬಿಸಿಲಿನ ಬೆವರಿಗೆ ಅಂಗೈ ನೀಲಿಯಾಗಿತ್ತು. ಅಷ್ಟರಲ್ಲಿ ಆಟೋ ನಮ್ಮನ್ನು ದಾಟಿ ಹೋಯಿತು. ಅವ್ವ ತಿರುಗಿ ಕೈ ಬೀಸಿದಳು.